ಆಟಕ್ಕುಂಟು ಲೆಕ್ಕಕ್ಕಿಲ್ಲ: ಅರಿಜೋನಾದ ಮೂರು ಬೇಸ್‌ಬಾಲ್ ಮ್ಯಾಚು, ಒಂದು ಹುಲ್ಲಿನ ಟಿಕೆಟ್ಟು

ಮೊದಲೇ ಹೇಳಿಬಿಡುತ್ತೇನೆ, ನನಗೆ ಬೇಸ್‌ಬಾಲ್ ಬರುವುದಿಲ್ಲ. ಮೂರು ಮ್ಯಾಚ್ ನೋಡಿದ ಮೇಲೂ ಅರ್ಧ ನಿಯಮ ಗೊತ್ತಾಗಿಲ್ಲ. ಬೆಳಗಾವಿಯ ಸರ್ಕಾರಿ ಶಾಲೆಯಲ್ಲಿ 31 ವರ್ಷ ಗಣಿತ ಕಲಿಸಿ ನಿವೃತ್ತಳಾದವಳು ನಾನು. ಹಾಜರಿ ಹಾಕುವುದು ಮಾತ್ರ ಚೆನ್ನಾಗಿ ಬರುತ್ತದೆ. ಹಾಗಾಗಿ ಇದು ಆಟದ ವಿಮರ್ಶೆ ಅಲ್ಲ. ಜನ ಎಷ್ಟು ಬಂದಿದ್ದರು, ಯಾಕೆ ಬಂದಿದ್ದರು, ಟಿಕೆಟ್ಟಿನ ದುಡ್ಡು ವಸೂಲಾಯಿತೋ ಇಲ್ಲವೋ, ಅಷ್ಟೇ. ಮಕ್ಕಳ ಮನೆಗೆ ಅಂತ ಫೀನಿಕ್ಸ್ ಕಡೆ ಹೋಗುವ ನಮ್ಮ ಬೆಳಗಾವಿ, ಬಾಗಲಕೋಟೆ, ವಿಜಯಪುರದ ತಂದೆ-ತಾಯಿ ಈಗ ಬೇಕಾದಷ್ಟು ಜನ ಇದ್ದಾರೆ. ಅಲ್ಲಿ ಹೋಗಿ ಮಾಲ್ ನೋಡು, ಇನ್ನೊಂದು ಮಾಲ್ ನೋಡು, ಮನೆಗೆ ಬಂದು ಮಲಗು ಅನ್ನುವುದಕ್ಕಿಂತ ಇದು ವಾಸಿ ಅಂತ ಬರೆಯುತ್ತಿದ್ದೇನೆ.

ನಮ್ಮ ಮಗಳು-ಅಳಿಯ ಚಾಂಡ್ಲರ್‌ನಲ್ಲಿದ್ದಾರೆ. 2025ರ ಫೆಬ್ರವರಿಯಲ್ಲಿ ಹೋಗಿದ್ದೆವು. ಅಲ್ಲಿ ಆ ಹೊತ್ತಿಗೆ ಸರಿಯಾಗಿ ಸ್ಪ್ರಿಂಗ್ ಟ್ರೇನಿಂಗ್ ಅಂತ ಶುರುವಾಗಿತ್ತು. ವಿಷಯ ಇಷ್ಟು. ಅಮೆರಿಕದ ದೊಡ್ಡ ಲೀಗಿನಲ್ಲಿ 30 ತಂಡಗಳಿವೆ. ಅಸಲಿ ಸೀಸನ್ ಮಾರ್ಚ್ ಕೊನೆಗೆ ಶುರು, ಒಂದೊಂದು ತಂಡಕ್ಕೂ 162 ಮ್ಯಾಚ್. ಅದಕ್ಕೆ ಮೊದಲು ಒಂದು ತಿಂಗಳು ಮೈ ಸಡಿಲ ಮಾಡಿಕೊಳ್ಳಲು, ಹೊಸ ಹುಡುಗರನ್ನು ನೋಡಲು ಆಡುವ ಮ್ಯಾಚುಗಳು ಇವು. 15 ತಂಡ ಫ್ಲಾರಿಡಾಕ್ಕೆ ಹೋಗುತ್ತವೆ, ಅದಕ್ಕೆ ಗ್ರೇಪ್‌ಫ್ರೂಟ್ ಲೀಗ್ ಅಂತ ಹೆಸರು. ಉಳಿದ 15 ಅರಿಜೋನಾಕ್ಕೆ, ಅದು ಕ್ಯಾಕ್ಟಸ್ ಲೀಗ್. ಗೆದ್ದರೆ ಪಾಯಿಂಟ್ ಇಲ್ಲ, ಸೋತರೆ ಯಾರೂ ಬೈಯುವುದಿಲ್ಲ. ದೊಡ್ಡ ಲೀಗಿನ ಆಟಗಾರರಿಗೂ ಆ ತಿಂಗಳು ಪಗಾರ ಇಲ್ಲ, ಕೈ ಖರ್ಚಿಗೆ ಭತ್ಯೆ ಅಷ್ಟೇ. ಚಿಕ್ಕವರಿದ್ದಾಗ ಓಣಿಯಲ್ಲಿ ಲಗೋರಿ ಆಡುವಾಗ ಅಳುವ ತಮ್ಮನನ್ನು ಆಟಕ್ಕುಂಟು ಲೆಕ್ಕಕ್ಕಿಲ್ಲ ಅಂತ ಸೇರಿಸಿಕೊಳ್ಳುತ್ತಿದ್ದೆವಲ್ಲ, ಇಲ್ಲಿ ಇಡೀ ಮ್ಯಾಚೇ ಆ ತಮ್ಮ.

ಇದಕ್ಕೆ ಜನ ಬರುತ್ತಾರೆ, ದುಡ್ಡು ಕೊಟ್ಟು ಬರುತ್ತಾರೆ. 2017ರಲ್ಲಿ ಅರಿಜೋನಾದ ಮ್ಯಾಚುಗಳಿಗೆ ಒಂದು ತಿಂಗಳಲ್ಲಿ 19 ಲಕ್ಷಕ್ಕೂ ಜಾಸ್ತಿ ಟಿಕೆಟ್ ಹೋಗಿದ್ದವು ಅಂತ ಅಳಿಯಂದಿರು ಹೇಳಿದಾಗ ನಮ್ಮ ಮನೆಯವರು ನಂಬಲಿಲ್ಲ. ಅವರು ಹುಟ್ಟಾ ಕ್ರಿಕೆಟ್ ಮನುಷ್ಯ. ಆಟೋನಗರದ ಕೆಎಸ್‌ಸಿಎ ಮೈದಾನದಲ್ಲಿ ರಣಜಿ ಮ್ಯಾಚ್ ಇದ್ದರೆ ಬುತ್ತಿ ಕಟ್ಟಿಕೊಂಡು ಹೋಗಿ ನಾಲ್ಕೂ ದಿನ ಕೂರುವ ಜಾತಿ. 2019ರ ಮೇ ತಿಂಗಳಲ್ಲಿ ಭಾರತ ಎ, ಶ್ರೀಲಂಕಾ ಎ ಆಡಿದಾಗ ನನ್ನನ್ನೂ ಎಳೆದುಕೊಂಡು ಹೋಗಿದ್ದರು. ಅಭಿಮನ್ಯು ಈಶ್ವರನ್ 233 ಹೊಡೆದ ಮ್ಯಾಚ್ ಅದು. ಅಂಥ ಆಟಕ್ಕೂ ನಮ್ಮ ಸಾಲಿನಲ್ಲಿ ನಾವಿಬ್ಬರು, ಒಂದಿಷ್ಟು ಶಾಲೆ ಹುಡುಗರು, ಅಂಪೈರಿಂಗ್ ಸರಿ ಇಲ್ಲ ಅಂತ ಒಬ್ಬನೇ ಕೂಗುತ್ತಿದ್ದ ಒಬ್ಬ ಅಜ್ಜ. "ಲೆಕ್ಕಕ್ಕ ಇರೋ ಮ್ಯಾಚಿಗೇ ಮಂದಿ ಬರೂದಿಲ್ಲ, ಲೆಕ್ಕಕ್ಕ ಇಲ್ಲದ್ದಕ್ಕ ಯಾರ ಬರ್ತಾರ್ರೀ ಅಳಿಯಂದ್ರ?" ಅಂದರು. ಸರಿ, ನೋಡೇ ಬಿಡೋಣ ಅಂತ ಹೊರಟೆವು.

ಮೊದಲನೆಯದು ಫೆಬ್ರವರಿ ಕೊನೆಗೆ, ಗ್ಲೆಂಡೇಲ್‌ನ ಕ್ಯಾಮೆಲ್‌ಬ್ಯಾಕ್ ರ‍್ಯಾಂಚ್. ಡಾಜರ್ಸ್ ಮತ್ತು ವೈಟ್ ಸಾಕ್ಸ್ ಎರಡೂ ತಂಡಗಳ ಠಿಕಾಣಿ, 2009ರಲ್ಲಿ ತೆರೆದದ್ದು. ಇದರ ಬಗ್ಗೆ ಒಂದೇ ಸಲಹೆ, ಮ್ಯಾಚ್ 1 ಗಂಟೆ ಚಿಲ್ಲರೆಗೆ ಇದ್ದರೆ ನೀವು 10 ಗಂಟೆಗೇ ಹೋಗಿ. ಮೈದಾನದ ಸುತ್ತ ಬೇರೆ ಬೇರೆ ಪ್ರಾಕ್ಟೀಸ್ ಮೈದಾನಗಳಿವೆ, ನಡುವೆ ನಡೆಯುವ ದಾರಿ ಇದೆ, ಒಂದು ಕೆರೆ ಇದೆ, ಆಟಗಾರರು ಕೈಗೆಟುಕುವ ದೂರದಲ್ಲಿ ಓಡಾಡುತ್ತಾರೆ. ಬೇಲಿಯ ಹತ್ತಿರ ಮಕ್ಕಳು ಚೆಂಡು, ಪೆನ್ನು ಹಿಡಿದು ಸಾಲಾಗಿ ನಿಂತಿರುತ್ತವೆ. ಒಬ್ಬ ಆಟಗಾರ ನಿಂತು ಸಹಿ ಹಾಕಿದ, ಮುಂದಿನ ಮಗುವಿನ ಹೆಸರು ಕೇಳಿದ, ಅದರ ಟೋಪಿಯ ಮೇಲೂ ಹಾಕಿದ. ನಮ್ಮ ಕಡೆ ಒಬ್ಬ ರಣಜಿ ಆಟಗಾರ ಸಿಕ್ಕರೂ ಸುತ್ತ ನಾಲ್ಕು ಜನ ಪೊಲೀಸರು ಇರುತ್ತಾರೆ, ಅಲ್ವಾ?

ಅಲ್ಲಿ ಎಲ್ಲಿ ನೋಡಿದರೂ ಬೆನ್ನ ಮೇಲೆ 17 ನಂಬರ್. ಒಟಾನಿ ಅಂತ ಜಪಾನಿನ ಆಟಗಾರ, 10 ವರ್ಷಕ್ಕೆ 70 ಕೋಟಿ ಡಾಲರ್ ಒಪ್ಪಂದ ಅಂತೆ. ಜಪಾನಿನಿಂದ ಬಂದ ಅಜ್ಜಿಯರು ಛತ್ರಿ, ಕೈಗವಸು, ಮೊಣಕೈವರೆಗೆ ಬಟ್ಟೆ, ಎಲ್ಲಾ ತಯಾರಿ ಮಾಡಿಕೊಂಡು ಬಂದಿದ್ದರು. ನಾನು ಸೀರೆ ಉಟ್ಟು, ತಲೆ ಮೇಲೆ ಸೆರಗು ಹೊದ್ದಿದ್ದೆ, ಹಾಗಾಗಿ ನಾವು ನಾವೇ ಒಬ್ಬರನ್ನೊಬ್ಬರು ನೋಡಿ ನಕ್ಕೆವು. ಒಟಾನಿಗೆ ಹಿಂದಿನ ನವೆಂಬರಿನಲ್ಲಿ ಭುಜದ ಆಪರೇಷನ್ ಆಗಿತ್ತು, ನಾವು ಹೋದ ದಿನ ಮ್ಯಾಚಿಗೆ ಇಳಿಯಲಿಲ್ಲ. ಅದು ಗೊತ್ತಿದ್ದೂ ಅಷ್ಟು ಜನ ಬಂದಿದ್ದರು. ದೂರದ ಮೈದಾನದಲ್ಲಿ ಏನೋ ಕಂಡಂತಾಗಿ ಇಡೀ ಗುಂಪು ಆ ಕಡೆ ಓಡಿತು, ನಾವೂ ಓಡಿದೆವು, ಹೋಗಿ ನೋಡಿದರೆ ಹುಲ್ಲಿಗೆ ನೀರು ಬಿಡುವ ಗಾಡಿ.

ಇನ್ನೊಂದು ವಿಷಯ. ಆ ವರ್ಷ ಡಾಜರ್ಸ್ ಮತ್ತು ಕಬ್ಸ್ ಮಾರ್ಚ್ 18 ಮತ್ತು 19ಕ್ಕೆ ಟೋಕಿಯೋದಲ್ಲಿ ಅಸಲಿ ಸೀಸನ್ ಶುರು ಮಾಡಬೇಕಿತ್ತು, ಹಾಗಾಗಿ ದೊಡ್ಡವರೆಲ್ಲ ತಿಂಗಳ ಮಧ್ಯದಲ್ಲೇ ವಿಮಾನ ಹತ್ತಿದರು. ಯಾವ ತಂಡ ಯಾವಾಗ ಊರಲ್ಲಿರುತ್ತದೆ ನೋಡಿಕೊಂಡು ಟಿಕೆಟ್ ತೆಗೆಯಿರಿ.

ಎರಡನೆಯದರ ಹೆಸರು ಹೇಳುವುದಿಲ್ಲ. ಶನಿವಾರ ಹೋದದ್ದೇ ನಮ್ಮ ತಪ್ಪು, ಅದೂ ಮಾರ್ಚ್‌ನಲ್ಲಿ, ಶಾಲೆಗಳಿಗೆ ರಜೆ ಬಿಟ್ಟ ವಾರ. ಟಿಕೆಟ್ ಮಾರುವ ಆ್ಯಪ್ ಮೊದಲು ಒಂದು ರೇಟು ತೋರಿಸಿತು, ದುಡ್ಡು ಕಟ್ಟುವ ಹೊತ್ತಿಗೆ ಸೇವಾ ಶುಲ್ಕ ಅದು ಇದು ಸೇರಿ ಇನ್ನೊಂದು ರೇಟಾಯಿತು. ನಮ್ಮ ಸಂತೆಯಲ್ಲಿ ಹೀಗೆ ಮಾಡಿದರೆ ತಕ್ಕಡಿ ಕಿತ್ತುಕೊಳ್ಳುತ್ತಾರೆ. ಗಾಡಿ ನಿಲ್ಲಿಸಲು ಮುಕ್ಕಾಲು ಗಂಟೆ. ಬಾಗಿಲಲ್ಲಿ ಚೀಲ ತಪಾಸಣೆ. ಒಳಗಿರುವುದು ಹೊರಗೆ ಕಾಣುವ ಪ್ಲಾಸ್ಟಿಕ್ ಚೀಲವೇ ಆಗಬೇಕಂತೆ, ನನ್ನ ಕಸೂತಿ ಚೀಲ ವಾಪಸ್ ಗಾಡಿಗೆ ಹೋಯಿತು. ಆಮೇಲೆ ಡಬ್ಬಿ. ತಪಾಸಣೆ ಮಾಡುವ ಹುಡುಗಿ ಮುಚ್ಚಳ ತೆಗೆದು ಕೆಂಪು ಪುಡಿ ನೋಡಿ ಎರಡು ಹೆಜ್ಜೆ ಹಿಂದೆ ಸರಿದಳು. ಶೇಂಗಾ ಚಟ್ನಿ ಕಣಮ್ಮಾ ಅಂತ ನಾನು ಕನ್ನಡದಲ್ಲೇ ಅಂದೆ. ಮಗಳು ಬಂದು ಇಂಗ್ಲಿಷಿನಲ್ಲಿ ವಿವರಿಸಿದಳು, ಅವಳು ಮೂಸಿ ನೋಡಿ ಸೀನಿ ಒಳಗೆ ಬಿಟ್ಟಳು.

ನಮಗೆ ಸಿಕ್ಕ ಸೀಟು ಅಲ್ಯುಮಿನಿಯಂ ಬೆಂಚು, ಪೂರ್ತಿ ಬಿಸಿಲು. ರೊಟ್ಟಿ ಹಂಚಿನ ಮೇಲೆ ಕೂತಂತೆ. ಅರಿಜೋನಾದ ಬಿಸಿಲು ಮೋಸದ ಬಿಸಿಲು, ಬೆವರು ಬರುವುದಿಲ್ಲ, ಹಿತ ಅನಿಸುತ್ತದೆ, ಸಂಜೆ ಕನ್ನಡಿ ನೋಡಿದರೆ ಕುತ್ತಿಗೆ ಬದನೆಕಾಯಿ ಸುಟ್ಟಂತೆ ಆಗಿರುತ್ತದೆ. ಒಂದು ನೀರಿನ ಬಾಟಲಿಗೆ ಅವರು ಕೇಳಿದ ದುಡ್ಡಲ್ಲಿ ಇಲ್ಲಿ ಇಬ್ಬರು ಊಟ ಮಾಡಬಹುದು. ಸಸ್ಯಾಹಾರಿಗಳಿಗೆ ಇದ್ದದ್ದು ಆಲೂಗಡ್ಡೆ ಫ್ರೈ, ಪ್ರೆಟ್ಜೆಲ್ ಅನ್ನುವ ಉಪ್ಪಿನ ಗಂಟು, ಲಿಂಬೆ ಪಾನಕ.

ಆದರೆ ಹಾಜರಿ ಅಂದರೇನು ಅಂತ ನನಗೆ ಅರ್ಥವಾದದ್ದು ಆ ದಿನವೇ. ಒಂಬತ್ತು ಇನಿಂಗ್ಸ್ ಇರುತ್ತವೆ. ಐದು ಮುಗಿಯುವ ಹೊತ್ತಿಗೆ ದೊಡ್ಡ ಆಟಗಾರರು ಬ್ಯಾಟು ಎತ್ತಿಟ್ಟು ಹೊರಟರು, ಅವರ ಹಿಂದೆ ಜನವೂ ಹೊರಟರು. ಏಳನೇ ಇನಿಂಗ್ಸ್ ಆದ ಮೇಲೆ ದೊಡ್ಡ ಪರದೆಯ ಮೇಲೆ ಇವತ್ತಿನ ಹಾಜರಿ ಅಂತ 11 ಸಾವಿರ ಚಿಲ್ಲರೆ ತೋರಿಸಿದರು. ನಾನು ಕೂತಲ್ಲೇ ಎಣಿಸಿದೆ. ಒಂದು ಸಾಲು ಎಣಿಸು, ಸಾಲುಗಳಿಗೆ ಗುಣಿಸು, ಖಾಲಿ ಕಳೆ. ಎಷ್ಟು ಧಾರಾಳವಾಗಿ ಹಿಡಿದರೂ 5 ಸಾವಿರ ದಾಟಲಿಲ್ಲ. ಅಳಿಯಂದಿರು ಹೇಳಿದರು, ಇಲ್ಲಿ ಹಾಜರಿ ಅಂದರೆ ಮಾರಾಟವಾದ ಟಿಕೆಟ್ಟಿನ ಲೆಕ್ಕ, ಬಾಗಿಲು ದಾಟಿ ಬಂದ ತಲೆಗಳ ಲೆಕ್ಕ ಅಲ್ಲ ಅಂತ. ನನಗೆ ನಗು ತಡೆಯಲಿಲ್ಲ. ನಮ್ಮ ಶಾಲೆಯ ಹಾಜರಿ ಪುಸ್ತಕದಲ್ಲಿ 52, ಬೆಂಚಿನ ಮೇಲೆ 38! ಇಷ್ಟು ವರ್ಷ ಇನ್ಸ್‌ಪೆಕ್ಟರ್ ಬಂದಾಗಲೆಲ್ಲ ಬೈಸಿಕೊಂಡದ್ದು ಇದಕ್ಕೇ.

ಈ ಎರಡನೇ ಮ್ಯಾಚ್ ಆದ ಮೇಲೆ ನನಗೆ ಸಾಕಾಗಿತ್ತು. ಮೂರನೆಯದಕ್ಕೆ ಬರುವುದಿಲ್ಲ ಅಂದೆ. ಮೊಮ್ಮಗ ಬಿಡಲಿಲ್ಲ. "ಅಜ್ಜಿ, ಇದು ಹುಲ್ಲಿನ ಟಿಕೆಟ್, ಮಲ್ಕೊಂಡು ನೋಡ್ಬಹುದು" ಅಂದ. ಮಲಗಿಕೊಂಡು ಅಂದಮೇಲೆ ಸರಿ ಅಂದೆ.

ಬುಧವಾರ. ಸ್ಕಾಟ್ಸ್‌ಡೇಲ್ ಪಕ್ಕದ ಸಾಲ್ಟ್ ರಿವರ್ ಫೀಲ್ಡ್ಸ್. ಡೈಮಂಡ್‌ಬ್ಯಾಕ್ಸ್ ಮತ್ತು ರಾಕೀಸ್ ಎರಡು ತಂಡಗಳಿಗೆ ಅಂತ 2011ರಲ್ಲಿ ತೆರೆದದ್ದು. ಇದು ಇರುವುದು ಅಲ್ಲಿನ ಮೂಲನಿವಾಸಿಗಳಾದ ಪೀಮಾ ಮತ್ತು ಮಾರಿಕೋಪಾ ಜನರ ಜಮೀನಿನಲ್ಲಿ, ಅಂಥ ಜಮೀನಿನಲ್ಲಿ ಕಟ್ಟಿದ ಮೊದಲ ಸ್ಪ್ರಿಂಗ್ ಟ್ರೇನಿಂಗ್ ಮೈದಾನ ಇದೇ. ಸುಮಾರು 11 ಸಾವಿರ ಜನ ಹಿಡಿಸುತ್ತದೆ, ಅದರಲ್ಲಿ 4 ಸಾವಿರದಷ್ಟು ಹುಲ್ಲಿನ ಮೇಲೆ. ಬೌಂಡರಿ ಬೇಲಿಯ ಆಚೆ ಹುಲ್ಲಿನ ಇಳಿಜಾರು ಮಾಡಿದ್ದಾರೆ, ಸೀಟಿಲ್ಲ, ನಂಬರಿಲ್ಲ. ಬೆಡ್‌ಶೀಟ್ ಹಾಸಿದಲ್ಲೇ ನಿಮ್ಮ ಜಾಗ. ಇದ್ದುದರಲ್ಲಿ ಅಗ್ಗದ ಟಿಕೆಟ್ಟೂ ಇದೇ, ಶನಿವಾರದ ಆ ಬೆಂಚಿಗೆ ಕೊಟ್ಟದ್ದರಲ್ಲಿ ಅರ್ಧಕ್ಕೂ ಕಡಿಮೆ ಬಿತ್ತು.

ಒಳಗೆ ಹೋಗಿ ಇಳಿಜಾರಿನ ತುದಿಯಲ್ಲಿ ನಿಂತು ನೋಡಿದೆ. ಎಲ್ಲಿಯೋ ನೋಡಿದ್ದೇನಲ್ಲ ಇದನ್ನು ಅನಿಸಿತು. ಒಂದು ನಿಮಿಷಕ್ಕೆ ಹೊಳೆಯಿತು, ಸವದತ್ತಿ ಎಲ್ಲಮ್ಮನ ಗುಡ್ಡ, ಭರತ ಹುಣ್ಣಿಮೆ. ಹೀಗೇ ಗುಂಪು ಗುಂಪು ಸಂಸಾರ, ಹಾಸಿದ ಕಂಬಳಿ, ಬಿಚ್ಚಿದ ಬುತ್ತಿ, ಮಲಗಿದ ಮುದುಕರು, ಉರುಳಾಡುವ ಮಕ್ಕಳು. ಜಾತ್ರೆಗೆ ಬಂದವರು ದೇವಿಯ ಮುಖ ನೋಡುವುದು ಎರಡು ನಿಮಿಷ, ಉಳಿದ ದಿನವೆಲ್ಲ ಜಾತ್ರೆಯೇ ಅಲ್ವಾ? ಇಲ್ಲಿ ಬೇಸ್‌ಬಾಲ್ ಆ ಎರಡು ನಿಮಿಷ. ಭಂಡಾರ ಒಂದೇ ಕಮ್ಮಿ. ಯಾಕೆ ಬರುತ್ತಾರೆ ಇಷ್ಟು ಜನ ಅನ್ನುವ ಪ್ರಶ್ನೆ ಅಲ್ಲಿಗೇ ಬಿಟ್ಟುಬಿಟ್ಟೆ. ಹಿಮ ಬೀಳುವ ಊರುಗಳಿಂದ ಬಂದವರೇ ಜಾಸ್ತಿ. ಪಕ್ಕದ ಕಂಬಳಿಯವರು ಮಿನೆಸೋಟಾದವರು, ಅವರ ತಂಡ ಆಡುತ್ತಿದ್ದದ್ದು ಫ್ಲಾರಿಡಾದಲ್ಲಿ! ಇಲ್ಲಿ ಬಿಸಿಲಿಗೆ ಬಂದಿದ್ದರು, ಬಿಸಿಲಿನ ಜೊತೆ ಮ್ಯಾಚ್ ಇತ್ತು, ಅಷ್ಟೇ.

ಶೇಂಗಾದ ಬಗ್ಗೆ ಹೇಳಲೇಬೇಕು. ಅಲ್ಲಿ ಸಿಪ್ಪೆ ಸಮೇತ ಹುರಿದ ಶೇಂಗಾ ಕಾಗದದ ಚೀಲದಲ್ಲಿ ಮಾರುತ್ತಾರೆ. ಕಾಯಿ ದಪ್ಪ, ಉದ್ದ, ಸಿಪ್ಪೆಗೇ ಉಪ್ಪು ಹಿಡಿದಿರುತ್ತದೆ. ಹೆಬ್ಬೆರಳಲ್ಲಿ ನಡು ಒತ್ತಿದರೆ ಟಪ್ ಅಂತ ಬಿಡುತ್ತದೆ, ಒಳಗೆ ಎರಡು ಬೀಜ, ಮೂರಿದ್ದರೆ ಮೊಮ್ಮಗನಿಗೆ. ಸಿಪ್ಪೆ ಎಲ್ಲಿ ಹಾಕುವುದು ಅಂತ ನಾನು ಚೀಲ ಹುಡುಕುತ್ತಿದ್ದರೆ ಮಗಳು, "ಅವ್ವಾ, ಅಲ್ಲೇ ಹಾಕು, ಎಲ್ಲಾರೂ ಹಂಗ ಹಾಕ್ತಾರ" ಅಂದಳು. ಅಮೆರಿಕದಲ್ಲಿ ನೆಲದ ಮೇಲೆ ಕಸ ಹಾಕಿ ಅಂತ ಹೇಳುವ ಜಾಗ ಇದೊಂದೇ ಇರಬೇಕು. ಆದರೂ ಹುಲ್ಲಿನ ಮೇಲೆ ಹಾಕಲು ಮನಸ್ಸು ಬರಲಿಲ್ಲ, ಸೆರಗಿನಲ್ಲಿ ಕಟ್ಟಿಕೊಂಡೆ. ರುಚಿಗೆ ಹತ್ತಕ್ಕೆ ಏಳು. ನಮ್ಮ ಎರಿ ಹೊಲದ ಶೇಂಗಾದ ಎಣ್ಣೆಯ ಘಮ ಇಲ್ಲ, ಆದರೆ ಹುರಿದದ್ದು ಹದವಾಗಿತ್ತು.

ಅಲ್ಲಿ ಜಾಗ ತೋರಿಸುವವರು, ಬಾಗಿಲು ಕಾಯುವವರು ಬಹುತೇಕ ನಮ್ಮ ವಯಸ್ಸಿನವರು, ನಿವೃತ್ತರು. ಹುಲ್ಲಿನ ಟೋಪಿ ಹಾಕಿಕೊಂಡ ಒಬ್ಬರು ನಮ್ಮ ಮನೆಯವರ ಜೊತೆ ಮಾತಿಗೆ ಕೂತರು, ಇವರ ಇಂಗ್ಲಿಷ್ ಬ್ಯಾಂಕಿನ ಇಂಗ್ಲಿಷ್, ಅವರದು ಅರಿಜೋನಾದ್ದು, ಆದರೂ ನಡೆಯಿತು. ಅರಿಜೋನಾಕ್ಕೆ ಈ ಲೀಗ್ ಬಂದದ್ದು 1947ರಲ್ಲಿ, ಆಗ ಎರಡೇ ತಂಡ, ಕ್ಲೀವ್‌ಲ್ಯಾಂಡ್ ಮತ್ತು ನ್ಯೂಯಾರ್ಕ್ ಜೈಂಟ್ಸ್. ಕ್ಲೀವ್‌ಲ್ಯಾಂಡ್ ತಂಡದ ಮಾಲೀಕ ಬಿಲ್ ವೀಕ್‌ಗೆ ಕಪ್ಪು ಆಟಗಾರರನ್ನು ತಂಡಕ್ಕೆ ತರುವ ಮನಸ್ಸಿತ್ತು, ಫ್ಲಾರಿಡಾದ ಬಣ್ಣಭೇದ ಬೇಡ ಅಂತ ಈ ಕಡೆ ಬಂದರಂತೆ. ಅದೇ ವರ್ಷ ಲ್ಯಾರಿ ಡೋಬಿಯನ್ನು ತಂಡಕ್ಕೆ ತಂದರು. ಆದರೆ ಮುಂದಿನ ವರ್ಷ ಟೂಸಾನ್‌ನಲ್ಲಿ ತಂಡ ಇಳಿದುಕೊಂಡ ಹೋಟೆಲಿನಲ್ಲಿ ಡೋಬಿಗೆ ಮಾತ್ರ ಜಾಗ ಕೊಡಲಿಲ್ಲ. ಇದನ್ನು ಹೇಳುವಾಗ ಆ ಯಜಮಾನರು ಟೋಪಿ ತೆಗೆದು ಮಂಡಿಯ ಮೇಲಿಟ್ಟುಕೊಂಡಿದ್ದರು. ಈಗ 15 ತಂಡಗಳಿಗೆ 10 ಮೈದಾನ, ಎಲ್ಲವೂ ಫೀನಿಕ್ಸ್ ಸುತ್ತಮುತ್ತಲೇ. ಪಶ್ಚಿಮದ ತುದಿಯ ಸರ್‌ಪ್ರೈಸ್ ಅನ್ನುವ ಊರಿನಿಂದ ಪೂರ್ವದ ಮೆಸಾಕ್ಕೆ ಹೆಚ್ಚುಕಮ್ಮಿ ಬೆಳಗಾವಿಯಿಂದ ಗೋಕಾಕಿಗೆ ಹೋದಷ್ಟು ದೂರ. ದಿನಕ್ಕೊಂದು ಮೈದಾನ ಅಂತ ಹಟ ಹಿಡಿದು ಹತ್ತೂ ನೋಡುವವರಿದ್ದಾರಂತೆ.

ಆಟದ ಬಗ್ಗೆ ನನಗೆ ಹಿಡಿಸಿದ್ದು ಗಡಿಯಾರ. ಚೆಂಡು ಎಸೆಯುವವನಿಗೆ 15 ಸೆಕೆಂಡ್, ಬೇಸ್ ಅಂದರೆ ಓಡುವವರು ನಿಲ್ಲುವ ಠಾವು, ಅದರ ಮೇಲೆ ಯಾರಾದರೂ ನಿಂತಿದ್ದರೆ 18. ಅಷ್ಟರೊಳಗೆ ಎಸೆಯಬೇಕು, ಸುಮ್ನೆ ಪ್ಯಾಂಟ್ ಏರಿಸುತ್ತಾ ನಿಲ್ಲುವಂತಿಲ್ಲ. 2023ರಲ್ಲಿ ತಂದ ನಿಯಮ ಇದು (ಆ 18 ಆಗ 20 ಇತ್ತು), ಅದಾದ ಮೇಲೆ ಅಸಲಿ ಸೀಸನ್ನಿನ ಮ್ಯಾಚು ಸರಾಸರಿ 3 ಗಂಟೆ 4 ನಿಮಿಷದಿಂದ 2 ಗಂಟೆ 40 ನಿಮಿಷಕ್ಕೆ ಇಳಿಯಿತು. ಅದೇ ವರ್ಷ ಫ್ಲಾರಿಡಾದ ಒಂದು ಸ್ಪ್ರಿಂಗ್ ಮ್ಯಾಚಿನಲ್ಲಿ 6-6 ಇದ್ದಾಗ, ಕೊನೆಯ ಇನಿಂಗ್ಸ್, ಎಲ್ಲಾ ಬೇಸ್ ತುಂಬಿದೆ, ಬ್ಯಾಟ್ಸ್‌ಮನ್ ತಯಾರಾಗಿ ನಿಲ್ಲಲು ತಡ ಮಾಡಿದ ಅಂತ ಅಂಪೈರ್ ಔಟ್ ಕೊಟ್ಟು ಮ್ಯಾಚೇ ಮುಗಿಸಿದರಂತೆ. ಗಂಟೆ ಹೊಡೆದ ಮೇಲೆ ಉತ್ತರಪತ್ರಿಕೆ ಕಸಿದುಕೊಂಡವಳು ನಾನು, ನನಗೆ ಇದರಲ್ಲಿ ತಪ್ಪೇನೂ ಕಾಣಲಿಲ್ಲ. ಇನ್ನೊಂದು ಹೊಸದು, ಎಸೆದ ಚೆಂಡು ಸ್ಟ್ರೈಕ್ (ಬ್ಯಾಟ್ಸ್‌ಮನ್ ಲೆಕ್ಕಕ್ಕೆ ಬೀಳುವ ಎಸೆತ, ಮೂರಾದರೆ ಔಟ್) ಹೌದೋ ಅಲ್ಲವೋ ಅನ್ನುವ ಅಂಪೈರ್ ತೀರ್ಪು ಒಪ್ಪಿಗೆ ಇಲ್ಲದಿದ್ದರೆ ಆಟಗಾರ ತನ್ನ ಟೋಪಿ ತಟ್ಟುತ್ತಾನೆ, ಕ್ಯಾಮೆರಾ ನೋಡಿ ಹೇಳುತ್ತದೆ. ನಾವು ಹೋದ 2025ರಲ್ಲಿ ಇದನ್ನು 13 ಮೈದಾನಗಳಲ್ಲಿ ಪರೀಕ್ಷೆಗೆ ಇಟ್ಟಿದ್ದರು, ತಂಡಕ್ಕೆ ಎರಡು ಸಲ. ಇದನ್ನು ಕಂಡು ನಮ್ಮ ಮನೆಯವರಿಗೆ ಬಹಳ ಖುಷಿ, ಡಿಆರ್‌ಎಸ್ ನಮ್ಮಿಂದ ಕಲಿತರು ಅಂತ.

ಆರನೇ ಇನಿಂಗ್ಸ್ ಹೊತ್ತಿಗೆ ಇಲ್ಲೂ ದೊಡ್ಡವರು ಹೋದರು. ಬಂದವರ ಬೆನ್ನ ಮೇಲೆ 76, 83, 91 ಇಂಥ ನಂಬರುಗಳು, ಕೆಲವರಿಗೆ ಹೆಸರೇ ಇಲ್ಲ. ಆದರೆ ಹುಲ್ಲಿನ ಮೇಲಿದ್ದವರು ಯಾರೂ ಏಳಲಿಲ್ಲ. ನಮ್ಮ ಮುಂದೆ ಒಬ್ಬ ಹೆಂಗಸು, ಐವತ್ತರ ಆಸುಪಾಸು, ಅಲ್ಲಿಯವರೆಗೆ ಮ್ಯಾಚನ್ನು ನೋಡಿಯೇ ಇರಲಿಲ್ಲ, ಫೋನು, ಪಾನಕ, ಫೋನು. 91 ನಂಬರಿನ ಹುಡುಗ ಮೈದಾನಕ್ಕೆ ಇಳಿದ ಕೂಡಲೇ ಎದ್ದು ನಿಂತಳು. ಎರಡೂ ಕೈ ಬಾಯಿಯ ಮೇಲೆ. ಅವನು ಬ್ಯಾಟ್ ಹಿಡಿದು ನಿಂತಾಗ ಅವಳ ಮೊಣಕಾಲು ನಡುಗುವುದು ನನಗೆ ಕಾಣುತ್ತಿತ್ತು. ಶಾಲೆಯ ಗ್ಯಾದರಿಂಗ್‌ನಲ್ಲಿ ಹದಿನೇಳನೇ ಡಾನ್ಸಿನ ಮೂರನೇ ಸಾಲಿನ ಹುಡುಗಿಯ ತಾಯಿ ಹೀಗೇ ನಿಲ್ಲುತ್ತಾಳೆ, ರಾತ್ರಿ ಹನ್ನೊಂದಾಗಿದ್ದರೂ. ಹುಡುಗ ಎರಡು ಸ್ಟ್ರೈಕ್ ತಿಂದ. ಮೂರನೆಯದಕ್ಕೆ ಬೀಸಿದ, ಚೆಂಡು ಎತ್ತರಕ್ಕೆ ಹೋಗಿ, ಹೋಗಿ, ಬೇಲಿಯ ಹತ್ತಿರ ಒಬ್ಬನ ಗ್ಲೌಸಿಗೆ ಬಿತ್ತು. ಔಟು. ಅವಳು ಕೂತಳು. ನಾನು ಶೇಂಗಾ ಚೀಲ ಮುಂದೆ ಚಾಚಿದೆ, ಅವಳು ತೆಗೆದುಕೊಂಡಳು, ಭಾಷೆ ಏನೂ ಬೇಕಾಗಲಿಲ್ಲ.

ಏಳನೇ ಇನಿಂಗ್ಸ್ ನಡುವೆ ಎಲ್ಲರೂ ಎದ್ದು ಮೈ ಮುರಿದು ಒಂದು ಹಾಡು ಹಾಡಿದರು, ಅದು ಅಲ್ಲಿಯ ಪದ್ಧತಿ. ಎಂಟರಲ್ಲಿ ಚೆಂಡೊಂದು ನೇರ ನಮ್ಮ ಇಳಿಜಾರಿಗೇ ಬಂತು. ಮಕ್ಕಳೆಲ್ಲ ಗ್ಲೌಸ್ ಹಿಡಿದು ಓಡಿದರು, ಅದು ಯಾರದೋ ಐಸ್ ಡಬ್ಬಿಗೆ ಬಡಿದು ನಮ್ಮ ಮನೆಯವರ ಕಾಲ ಬಳಿ ನಿಂತಿತು. ಅವರು ಎತ್ತಿಕೊಂಡು ಮೈದಾನಕ್ಕೆ ವಾಪಸ್ ಎಸೆಯಲು ಕೈ ಎತ್ತಿದರು! ಓಣಿಯ ಕ್ರಿಕೆಟ್ ಅಭ್ಯಾಸ. ಸುತ್ತಲಿನವರೆಲ್ಲ ನೋ ನೋ ಅಂತ ಕೂಗಿಕೊಂಡರು. ಅಲ್ಲಿ ಸಿಕ್ಕ ಚೆಂಡು ಸಿಕ್ಕವರದೇ. ಈಗ ಅದು ನಮ್ಮ ಟಿಳಕವಾಡಿ ಮನೆಯ ಟಿವಿ ಮೇಲಿದೆ. ಬಿಳಿ ಚರ್ಮ, ಕೆಂಪು ದಾರದ 108 ಜೋಡಿ ಹೊಲಿಗೆ, ನಾನೇ ಎಣಿಸಿ ನೋಡಿದ್ದೇನೆ, ಒಂದು ಕಡೆ ಹುಲ್ಲಿನ ಹಸಿರು ಕಲೆ. ಕ್ರಿಕೆಟ್ ಚೆಂಡಿಗಿಂತ ತುಸು ಹಗುರ.

ಮ್ಯಾಚ್ 4-4 ಆಗಿ ನಿಂತಿತು. ನಮ್ಮ ಮನೆಯವರು ಗೆಳೆಯರೊಬ್ಬರಿಗೆ ವಿಡಿಯೋ ಕಾಲ್ ಮಾಡಿದರು, ಅಲ್ಲಿ ಮಧ್ಯಾಹ್ನ 3:40, ನಮ್ಮಲ್ಲಿ ಬೆಳಗಿನ ಜಾವ 4:10. ಆ ಪುಣ್ಯಾತ್ಮರು ಎತ್ತಿದರು.

"ಯಾರ ಗೆದ್ರೋ?"

"ಯಾರೂ ಇಲ್ಲೋ. ಟೈ ಆತು."

"ಮತ್ತ ಸೂಪರ್ ಓವರ್?"

"ಏನಿಲ್ಲ. ಚಾದರ ಝಾಡಿಸಿಕೊಂಡು ಎಲ್ಲಾರೂ ಮನಿಗೆ ಹೊಂಟಾರ."

"ಇದನ್ನ ಹೇಳಾಕ ಎಬ್ಬಿಸಿದ್ಯಾ?"

ಹಾಗಾದರೆ ಹೋಗಬೇಕಾ ಅಂತ ಕೇಳಿದರೆ, ಬುಧವಾರ ಇಲ್ಲವೇ ಗುರುವಾರ, ಹುಲ್ಲಿನ ಟಿಕೆಟ್, ಹಳೆಯ ಬೆಡ್‌ಶೀಟು ಎರಡು, ಕುತ್ತಿಗೆ ಮುಚ್ಚುವ ಟೋಪಿ. ಹುಲ್ಲಿನ ಮೇಲೆ ನೆರಳಿಲ್ಲ, ಮಂಡಿ ನೋವಿದ್ದವರಿಗೆ ಇಳಿಜಾರು ಕಷ್ಟ, ಅವರು ಸೀಟೇ ತೆಗೆಯಲಿ, ಆದರೆ ಮಧ್ಯಾಹ್ನ ಯಾವ ಕಡೆ ನೆರಳು ಬೀಳುತ್ತದೆ ಅಂತ ಮೊದಲೇ ವಿಚಾರಿಸಿ. ಬುತ್ತಿ ಒಳಗೆ ಬಿಡುತ್ತಾರೋ ಇಲ್ಲವೋ ಮೈದಾನಕ್ಕೆ ಮೈದಾನ ಬೇರೆ, ಮೊದಲೇ ನೋಡಿಕೊಳ್ಳಿ. ಹುಲ್ಲಿನ ಟಿಕೆಟ್ಟಿಗೆ ನಾನು ಐದಕ್ಕೆ ಐದು ಕೊಡುತ್ತೇನೆ. ಶನಿವಾರದ ಬೆಂಚಿಗೆ ಒಂದು, ಅದೂ ಚಟ್ನಿ ಡಬ್ಬಿ ಒಳಗೆ ಬಿಟ್ಟ ಆ ಹುಡುಗಿಗಾಗಿ.

ಊರಿಗೆ ಬಂದು ಸೂಟ್‌ಕೇಸ್ ಬಿಚ್ಚಿದಾಗ ಆ ಸೀರೆಯ ಸೆರಗಿನ ಗಂಟಿನಲ್ಲಿ ಶೇಂಗಾ ಸಿಪ್ಪೆ ಹಾಗೇ ಇತ್ತು. ಮೊಮ್ಮಗನಿಗೆ ಫೋನ್ ಮಾಡಿ ಆ 91 ನಂಬರಿನ ಹುಡುಗ ಏನಾದ ನೋಡು ಅಂದೆ. ಹುಡುಕಿ ಹೇಳಿದ, "ಅವನನ್ನ ಕೆಳಗಿನ ಲೀಗಿಗೆ ಕಳಿಸಿದ್ದಾರೆ ಅಜ್ಜಿ, ಮುಂದಿನ ವರ್ಷ ಮತ್ತೆ ಬರಬಹುದು." ನಾವೂ ಮುಂದಿನ ಫೆಬ್ರವರಿಗೇ ಬರುತ್ತೇವೆ ಅಂತ ನಿನ್ನ ಅವ್ವನಿಗೆ ಹೇಳು ಅಂದೆ.